ಮಾಂಟೆಸ್ಸರಿಯಾ, ಪ್ಲೇಹೋಮಾ, ಅಂಗನವಾಡಿಯಾ? ಸೇರಿಸುವ ಮುಂಚೆ ಒಂದು ಹೋಲಿಕೆ

ದೀಪಾವಳಿ ಕಳೆಯುತ್ತಿದ್ದಂತೆ ಬೆಂಗಳೂರಿನಲ್ಲಿ ಅಡ್ಮಿಷನ್ ಗಡಿಬಿಡಿ ಶುರು. ಮಗುವಿಗೆ ಇನ್ನೂ ಎರಡೂವರೆ ತುಂಬಿರುವುದಿಲ್ಲ, ಮನೆಯಲ್ಲಿ ಆಗಲೇ ನಾಲ್ಕೈದು ಬ್ರೋಷರ್ ಬಿದ್ದಿರುತ್ತವೆ. ಎಲ್ಲದರಲ್ಲೂ ನಗುವ ಮಗುವಿನ ಫೋಟೋ, ಮರದ ಆಟಿಕೆ, ‘ನಮ್ಮಲ್ಲಿ ಮಗುವೇ ಮುಂದಾಳು’ ಅನ್ನೋ ಸಾಲು. ಈಗ ಮೈಸೂರು, ಹುಬ್ಬಳ್ಳಿ, ದಾವಣಗೆರೆಯಲ್ಲೂ ಇದೇ ಕಥೆ. ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ಮಾಂಟೆಸ್ಸರಿ ಒಳ್ಳೆಯದು ಅಂತಾರೆ, ಆದರೆ ದೂರ. ಮನೆ ಪಕ್ಕದಲ್ಲೇ ಪ್ಲೇಹೋಂ ಇದೆ. ಅತ್ತೆ ಸುಮ್ನೆ ಅಂಗನವಾಡಿಗೆ ಕಳಿಸು ಅಂತಾರೆ. ಏನು ಮಾಡಲಿ?’

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನ ಮೇಲಿನ ಹೆಸರು ನೋಡಿ ಆರಿಸಬೇಡಿ. ಮಗು ತನಗೆ ಬೇಕಾದ ಕೆಲಸದಲ್ಲಿ ಮುಳುಗಿರುವಾಗ ಅಲ್ಲಿರುವ ದೊಡ್ಡವರು ಏನು ಮಾಡುತ್ತಾರೆ, ಅದನ್ನು ನೋಡಿ ಆರಿಸಿ. ಅರೆಬರೆ ಮಾಂಟೆಸ್ಸರಿಗಿಂತ ಒಳ್ಳೆ ಟೀಚರ್ ಇರುವ ಅಂಗನವಾಡಿ ಎಷ್ಟೋ ಮೇಲು ಎಂದು ಹೇಳಲು ನನಗೆ ಯಾವ ಮುಜುಗರವೂ ಇಲ್ಲ.

ಮೊದಲು ಏನು ನೋಡಬೇಕು

ಮೊದಲನೆಯದು, ಹೊತ್ತು. ಮಗು ತಾನೇ ಆರಿಸಿಕೊಂಡ ಕೆಲಸವನ್ನು ಅಡ್ಡಿಯಿಲ್ಲದೆ ಎಷ್ಟು ಹೊತ್ತು ಮಾಡಬಹುದು? ಟೈಂಟೇಬಲ್ ಕೇಳಿ ನೋಡಿ. 20 ನಿಮಿಷ ಇಂಗ್ಲಿಷ್, 20 ನಿಮಿಷ ರೈಮ್ಸ್, 20 ನಿಮಿಷ ‘ಫ್ರೀ ಪ್ಲೇ’ ಎಂದಿದ್ದರೆ ಅಲ್ಲಿ ಮುಂದಾಳು ಗಂಟೆ, ಮಗುವಲ್ಲ. ಮೂರು ವರ್ಷದ ಮಗು ಒಂದು ಕೆಲಸಕ್ಕೆ ಮನಸ್ಸು ಕೊಡುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಆಗಲೇ ಎಬ್ಬಿಸಿದರೆ ಆ ಮಗುವಿಗೆ ಎಂದೂ ಯಾವುದನ್ನೂ ಮುಗಿಸಿ ಅಭ್ಯಾಸ ಆಗುವುದಿಲ್ಲ.

ಎರಡನೆಯದು, ದೊಡ್ಡವರ ಕೈ. ಮಗು ಗುಂಡಿ ಹಾಕಲು ಒದ್ದಾಡುತ್ತಿದೆ. ಟೀಚರ್ ಬಂದು ಹಾಕಿಬಿಡುತ್ತಾರಾ? ಅಥವಾ ಕಾಯುತ್ತಾರಾ? ಕಾದು, ಮಗು ಕೇಳಿದಾಗ ಅರ್ಧ ಗುಂಡಿ ತೂರಿಸಿ ಉಳಿದರ್ಧ ಮಗುವಿಗೆ ಬಿಡುತ್ತಾರಾ? ಈ ಒಂದು ವಿಷಯ ನೋಡಿದರೆ ಆ ಜಾಗದ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ. ಇಲ್ಲಿ ಇನ್ನೊಂದು ಮಾತು. ಮಗುವಿನ ಇಷ್ಟದಂತೆ ಕಲಿಕೆ ಅಂದರೆ ಮಗು ಕಂಡಕಂಡಂತೆ ಓಡಾಡುವುದು ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಯಾವ ವಸ್ತು ಎಲ್ಲಿರಬೇಕು, ಬಳಸಿದ ಮೇಲೆ ಎಲ್ಲಿಡಬೇಕು, ಇನ್ನೊಬ್ಬರ ಕೆಲಸಕ್ಕೆ ಅಡ್ಡಿ ಮಾಡಬಾರದು – ಇಂಥ ಕಟ್ಟುಪಾಡು ಅಲ್ಲೇ ಜಾಸ್ತಿ. ಅದರೊಳಗೆ ಏನು ಮಾಡಬೇಕು ಅನ್ನುವುದು ಮಾತ್ರ ಮಗುವಿಗೆ ಬಿಟ್ಟದ್ದು.

ಮೂರನೆಯದು, ತಲೆ ಲೆಕ್ಕ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಪ್ರಕಾರ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು, 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಇರಬೇಕು. ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಕಳೆದ ವರ್ಷ ಇದ್ದ ಟೀಚರ್‌ಗಳಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ? ಸಂಬಳ ಕಡಿಮೆ ಕೊಡುವ ಕಡೆ ಟೀಚರ್‌ಗಳು ನಿಲ್ಲುವುದಿಲ್ಲ. ಮಗು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು.

ಇನ್ನು ಭಾಷೆ, ದೂರ, ದುಡ್ಡು, ಮತ್ತು ಇದಾದ ಮೇಲೆ ಮಗು ಯಾವ ಶಾಲೆಗೆ ಹೋಗುತ್ತದೆ ಅನ್ನುವುದು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಪೇಚಾಡುತ್ತಾರೆ. ದೂರದ ಬಗ್ಗೆ ನನ್ನ ಲೆಕ್ಕ ಸರಳ: ಮೂರು ವರ್ಷದ ಮಗು ವ್ಯಾನಿನಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಕಾದರೆ ಆ ಶಾಲೆ ಎಷ್ಟೇ ಒಳ್ಳೆಯದಾದರೂ ಪಟ್ಟಿಯಿಂದ ತೆಗೆಯಿರಿ. ಬೆಂಗಳೂರಿನಲ್ಲಿ ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದರೆ ಯೋಚನೆಯೂ ಬೇಡ.

ಮಾಂಟೆಸ್ಸರಿ: ನಿಜವಾದದ್ದು ಸಿಕ್ಕರೆ

ಮರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಮೊದಲ ‘ಮಕ್ಕಳ ಮನೆ’ ತೆರೆದರು. ಇವತ್ತು ಲಕ್ಷ ಫೀಸಿನ ಜೊತೆ ಕೇಳುವ ಹೆಸರು ಹುಟ್ಟಿದ್ದು ಅಲ್ಲಿ. 1939ರಲ್ಲಿ ಆಕೆ ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದಲ್ಲಿ ಇಟಲಿ ಶತ್ರುದೇಶವಾದ್ದರಿಂದ ಬ್ರಿಟಿಷರು ಆಕೆಯನ್ನು ಹೊರಗೆ ಬಿಡಲಿಲ್ಲ. 1946ರವರೆಗೆ ಅಡ್ಯಾರ್, ಕೊಡೈಕೆನಾಲ್ ಎಂದು ಇಲ್ಲೇ ಉಳಿದು ಸಾಕಷ್ಟು ಜನರಿಗೆ ತರಬೇತಿ ಕೊಟ್ಟರು. ದಕ್ಷಿಣ ಭಾರತದಲ್ಲಿ ಮಾಂಟೆಸ್ಸರಿ ಇಷ್ಟು ಬೇರು ಬಿಡಲು ಅದೂ ಒಂದು ಕಾರಣ.

ಒಳ್ಳೆ ಮಾಂಟೆಸ್ಸರಿ ಕೋಣೆಗೆ ಹೋದರೆ ಮೊದಲು ಗಮನಕ್ಕೆ ಬರುವುದು ಸದ್ದು ಕಡಿಮೆ ಇರುವುದು. ಮೂರು ವರ್ಷದವರು, ಐದು ವರ್ಷದವರು ಒಟ್ಟಿಗೇ ಇರುತ್ತಾರೆ. ಒಂದು ಮಗು ಚಾಪೆ ಬಿಡಿಸಿಕೊಂಡು, ಹಿಡಿಕೆ ಇರುವ, ಬೇರೆಬೇರೆ ದಪ್ಪದ ಹತ್ತು ಮರದ ದಿಂಡುಗಳನ್ನು ಹಲಗೆಯ ಗುಂಡಿಗಳಲ್ಲಿ ಕೂರಿಸುತ್ತಿರುತ್ತದೆ. ತೆಳ್ಳಗಿನದನ್ನು ದೊಡ್ಡ ಗುಂಡಿಗೆ ಹಾಕಿತು ಅಂದುಕೊಳ್ಳಿ, ಕೊನೆಗೆ ಒಂದು ದಿಂಡು ಎಲ್ಲೂ ಕೂರದೆ ಕೈಯಲ್ಲೇ ಉಳಿಯುತ್ತದೆ. ಮಗು ಅದನ್ನು ತಿರುಗಿಸಿ ನೋಡುತ್ತದೆ, ಗುಂಡಿಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತದೆ, ಮತ್ತೆ ಎಲ್ಲವನ್ನೂ ಹೊರಗೆ ತೆಗೆಯುತ್ತದೆ. ‘ತಪ್ಪು’ ಅಂತ ಯಾರೂ ಹೇಳಲಿಲ್ಲ. ಆ ವಸ್ತುವೇ ಹೇಳಿತು. ಪಕ್ಕದಲ್ಲಿ ಇನ್ನೊಬ್ಬಳು ಜಗ್ಗಿನಿಂದ ಜಗ್ಗಿಗೆ ನೀರು ಸುರಿಯುತ್ತಾ ಚೆಲ್ಲಿಕೊಂಡು, ತಾನೇ ಹೋಗಿ ಸ್ಪಂಜು ತಂದು ಒರೆಸಿ, ಬಕೆಟ್ಟಿಗೆ ಹಿಂಡುತ್ತಾಳೆ. ಆಂಟಿ (ಇಲ್ಲಿ ಟೀಚರನ್ನು ಹೆಚ್ಚಾಗಿ ಹೀಗೇ ಕರೆಯುತ್ತಾರೆ) ದೂರದಲ್ಲಿ ಕೂತು ಪುಸ್ತಕದಲ್ಲಿ ಏನೋ ಗುರುತು ಮಾಡಿಕೊಳ್ಳುತ್ತಿರುತ್ತಾರೆ, ಅಷ್ಟೇ.

ತೊಂದರೆ ಇರುವುದು ಹೆಸರಿನಲ್ಲಿ. ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಬಹುದು, ಕೇಳುವವರಿಲ್ಲ. ನಮ್ಮಲ್ಲಂತೂ ‘ಮಾಂಟೆಸ್ಸರಿ’ ಅಂದರೆ ಎಲ್‌ಕೆಜಿ, ಯುಕೆಜಿ ಅನ್ನುವಷ್ಟು ಸಡಿಲವಾಗಿದೆ. ಬೀರುವಿನಲ್ಲಿ ಗುಲಾಬಿ ಗೋಪುರ (ಒಂದರ ಮೇಲೊಂದು ಪೇರಿಸುವ ಮರದ ಘನಗಳು) ಬೀಗ ಹಾಕಿ ಇಟ್ಟು, ಮಕ್ಕಳನ್ನು ಬೆಂಚಿನಲ್ಲಿ ಕೂರಿಸಿ ಎಬಿಸಿಡಿ ಬರೆಸುವ ಜಾಗಗಳನ್ನು ಬೇಕಾದಷ್ಟು ನೋಡಿದ್ದೇನೆ. ಈ ಅರೆಬರೆತನದ ಬೆಲೆ ಏನು ಎಂಬುದನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ಆಂಜಲೀನ್ ಲಿಲ್ಲಾರ್ಡ್ 2012ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಮೂಲ ಕ್ರಮವನ್ನು ಹಾಗೇ ಪಾಲಿಸುವ ತರಗತಿಯ ಮಕ್ಕಳು ಆ ವರ್ಷದಲ್ಲಿ ಓದು, ಲೆಕ್ಕ, ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿ – ಇವುಗಳಲ್ಲಿ ಹೆಚ್ಚು ಮುಂದೆ ಹೋದರು. ಮಾಂಟೆಸ್ಸರಿ ಜೊತೆ ವರ್ಕ್‌ಶೀಟು, ಬೇರೆ ಆಟಿಕೆ ಬೆರೆಸಿದ ತರಗತಿಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ.

ಹಾಗಾಗಿ ಮೂರು ವಿಷಯ ವಿಚಾರಿಸಿ. ಟೀಚರ್ ಎಲ್ಲಿ ತರಬೇತಿ ಪಡೆದಿದ್ದಾರೆ? ಎಎಂಐ (ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘ) ಅಥವಾ ಇಂಡಿಯನ್ ಮಾಂಟೆಸ್ಸರಿ ಸೆಂಟರ್‌ನಂಥ ಕಡೆಯ ಡಿಪ್ಲೊಮಾ ಒಂದು ಮಟ್ಟದ ಭರವಸೆ. ವಾರಾಂತ್ಯದ ಆನ್‌ಲೈನ್ ಕೋರ್ಸು ಅದಲ್ಲ. ಬೆಳಗ್ಗೆ ಎರಡೂವರೆ-ಮೂರು ಗಂಟೆ ತಡೆಯಿಲ್ಲದ ಕೆಲಸದ ಹೊತ್ತು ಇದೆಯಾ? 3ರಿಂದ 6 ವರ್ಷದವರು ಒಂದೇ ಕೋಣೆಯಲ್ಲಿ ಇದ್ದಾರಾ? ಮೂರಕ್ಕೂ ಹೌದು ಅಂದರೆ ನಂಬಬಹುದು.

ಇನ್ನೊಂದು ಕಷ್ಟ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. ಮಾಂಟೆಸ್ಸರಿಯಲ್ಲಿ ಫಲ ಕಾಣುವುದು ಮೂರನೇ ವರ್ಷ. ಮೊದಲ ಎರಡು ವರ್ಷ ನೀರು ಸುರಿದು, ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸಿ, ಮಣಿ ಎಣಿಸಿದ ಮಗು ಐದು ವರ್ಷ ತುಂಬುವ ಹೊತ್ತಿಗೆ ಇದ್ದಕ್ಕಿದ್ದಂತೆ ಓದತೊಡಗುತ್ತದೆ, ಚಿಕ್ಕವರಿಗೆ ತಾನೇ ಹೇಳಿಕೊಡುತ್ತದೆ. ಆದರೆ ದೊಡ್ಡ ಶಾಲೆಗಳು ಸೀಟು ಕೊಡುವುದು ನರ್ಸರಿ ಅಥವಾ ಎಲ್‌ಕೆಜಿಗೆ. ಒಂದನೇ ಕ್ಲಾಸಿಗೆ ಖಾಲಿ ಇರುವುದು ಬೆರಳೆಣಿಕೆ. ಹಾಗಾಗಿ ಎರಡು ವರ್ಷ ದುಡ್ಡು ಸುರಿದ ಅಪ್ಪ ಅಮ್ಮ ಮೂರನೇ ವರ್ಷಕ್ಕೆ ಮಗುವನ್ನು ಕಿತ್ತು ಯುಕೆಜಿಗೆ ಹಾಕುತ್ತಾರೆ. ನಿಮ್ಮ ಲೆಕ್ಕವೂ ಅದೇ ಆಗಿದ್ದರೆ ಅಷ್ಟು ದುಬಾರಿ ಮಾಂಟೆಸ್ಸರಿ ಯಾಕೆ ಅಂತ ಒಮ್ಮೆ ಕೇಳಿಕೊಳ್ಳಿ. ಆರು ವರ್ಷದವರೆಗೆ ಇರುವುದಾದರೆ ಮಾತ್ರ ಅದಕ್ಕೆ ಅರ್ಥ. ಪ್ರೈಮರಿಯೂ ಇರುವ ಮಾಂಟೆಸ್ಸರಿ ಸಿಕ್ಕರೆ ಈ ತಲೆನೋವೇ ಇಲ್ಲ.

ಭಾಷೆಯ ವಿಷಯದಲ್ಲಿ ಒಂದು ಸಣ್ಣ ಪರೀಕ್ಷೆ: ಕನ್ನಡದ ಸ್ಯಾಂಡ್‌ಪೇಪರ್ ಅಕ್ಷರ ತೋರಿಸಿ ಅನ್ನಿ. ತುಂಬಾ ಕಡೆ ಇಂಗ್ಲಿಷಿನದು ಸವೆದುಹೋಗಿರುತ್ತದೆ, ಕನ್ನಡದ ಡಬ್ಬ ಹೊಸದಾಗಿಯೇ ಇರುತ್ತದೆ.

ವಾಲ್ಡಾರ್ಫ್: ಅಕ್ಷರಕ್ಕೆ ಅವಸರವಿಲ್ಲದವರಿಗೆ

1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಲ್ಡಾರ್ಫ್ ಅಸ್ಟೋರಿಯಾ ಸಿಗರೇಟು ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ರುಡಾಲ್ಫ್ ಸ್ಟೈನರ್ ಶುರು ಮಾಡಿದ ಶಾಲೆ ಇದರ ಮೂಲ. ಬೆಂಗಳೂರಿನಲ್ಲಿ ಸ್ಟೈನರ್ ಹೆಸರಿನಲ್ಲೇ ಶಾಲೆ ಇದೆ, ಹೈದರಾಬಾದ್, ಮುಂಬೈಯಲ್ಲೂ ಈ ಕ್ರಮದ ಶಾಲೆಗಳಿವೆ.

ಇಲ್ಲಿ ಏಳು ವರ್ಷದವರೆಗೆ ಓದು, ಬರಹ ಕಲಿಸುವುದಿಲ್ಲ. ಕಥೆ, ಹಾಡು, ಮೇಣದ ಬಳಪ, ಹಿಟ್ಟು ಕಲಸುವುದು, ಮಣ್ಣು, ಉಣ್ಣೆ, ಕಣ್ಣುಮೂಗು ಸ್ಪಷ್ಟವಿಲ್ಲದ ಬಟ್ಟೆ ಗೊಂಬೆ. ಗೊಂಬೆ ಅಳುತ್ತಿದೆಯೋ ನಗುತ್ತಿದೆಯೋ ಎಂಬುದನ್ನು ಮಗುವೇ ಊಹಿಸಲಿ ಅಂತ. ಮಾಂಟೆಸ್ಸರಿಯಲ್ಲಿ ಮಗು ನಿಜವಾದ ಚಾಕುವಿನಿಂದ ನಿಜವಾದ ಸೌತೆಕಾಯಿ ಹೆಚ್ಚುತ್ತದೆ. ಇಲ್ಲಿ ಒಂದು ಕಟ್ಟಿಗೆ ತುಂಡೇ ಚಾಕು, ಅದೇ ದೋಣಿ, ಅದೇ ಫೋನು. ಇನ್ನೊಂದು ವ್ಯತ್ಯಾಸ, ದಿನದ ಕ್ರಮವನ್ನು ಇಲ್ಲಿ ಟೀಚರೇ ಹಿಡಿದಿರುತ್ತಾರೆ. ಹಾಡಿನ ಹೊತ್ತು, ಆಟದ ಹೊತ್ತು, ಕಥೆಯ ಹೊತ್ತು ದಿನವೂ ಒಂದೇ. ಮಗುವಿಗೆ ಬಿಟ್ಟದ್ದು ಆಟದೊಳಗಿನ ಕಲ್ಪನೆ.

‘ಆರು ವರ್ಷ ಆದರೂ ಅಆಇಈ ಬರೆಯಲ್ಲ’ ಅಂತ ನೆಂಟರು ಮುಖ ಸಿಂಡರಿಸುತ್ತಾರೆ, ಅದಕ್ಕೆ ಸಿದ್ಧರಿರಿ. ಸಮಾಧಾನಕ್ಕೆ ಒಂದು ಮಾತು ಇದೆ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗ್ಗೇಟ್ ಮತ್ತು ಜೊತೆಗಾರರು, ಐದಕ್ಕೆ ಓದು ಕಲಿತವರನ್ನೂ ಏಳಕ್ಕೆ ಕಲಿತ ಸ್ಟೈನರ್ ಶಾಲೆಯವರನ್ನೂ ಹೋಲಿಸಿದರು. 11 ವರ್ಷದ ಹೊತ್ತಿಗೆ ಓದಿನಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಆ ಸ್ಟೈನರ್ ಶಾಲೆಯವರು ಅದೇ ಕ್ರಮದ ಶಾಲೆಯಲ್ಲಿ ಮುಂದುವರಿದ ಮಕ್ಕಳು ಎಂಬುದನ್ನು ಮರೆಯಬೇಡಿ. ವಾಲ್ಡಾರ್ಫ್ ಕಿಂಡರ್‌ಗಾರ್ಟನ್ ಮುಗಿಸಿ ಒಂದನೇ ಕ್ಲಾಸಿಗೆ ಮಾಮೂಲಿ ಸಿಬಿಎಸ್‌ಇ ಶಾಲೆಗೆ ಹೋದರೆ, ಉಳಿದವರೆಲ್ಲ ವಾಕ್ಯ ಬರೆಯುತ್ತಿರುವಾಗ ನಿಮ್ಮ ಮಗು ಅಕ್ಷರ ಗುರುತಿಸುತ್ತಿರುತ್ತದೆ. ಆ ವರ್ಷ ಮಗುವಿಗೆ ಕಷ್ಟ. ಹಾಗಾಗಿ ಎಂಟನೇ ಕ್ಲಾಸಿನವರೆಗಾದರೂ ಅಲ್ಲೇ ಓದಿಸುವ ಮನಸ್ಸು, ಜೇಬು ಎರಡೂ ಇದ್ದರೆ ಮಾತ್ರ ಕಾಲಿಡಿ.

ಮನೆಯವರಿಂದಲೂ ಈ ಶಾಲೆಗಳು ಬಹಳ ಕೇಳುತ್ತವೆ. ಟಿವಿ, ಮೊಬೈಲ್ ಬೇಡ ಅನ್ನುತ್ತವೆ. ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿ ಓಡುವ ಕೂಡುಕುಟುಂಬದಲ್ಲಿ ಅಜ್ಜಿಗೆ ಇದನ್ನು ಹೇಳುವವರು ಯಾರು? ಇನ್ನೂ ಒಂದು, ಇದರ ಹಿಂದೆ ಸ್ಟೈನರ್ ಅವರ ಆಧ್ಯಾತ್ಮಿಕ ದರ್ಶನವೂ ಇದೆ. ಆತ್ಮ, ದೇಹ, ಏಳು ವರ್ಷದ ಘಟ್ಟ ಮುಂತಾದ ಮಾತು ಕಿವಿಗೆ ಬೀಳುತ್ತದೆ. ಒಗ್ಗುತ್ತದಾ ನೋಡಿಕೊಳ್ಳಿ.

ರೆಜಿಯೊ: ಚೆಂದದ ಮಾತು, ಹುಡುಕುವುದು ಕಷ್ಟ

ಇಟಲಿಯ ರೆಜಿಯೊ ಎಮಿಲಿಯಾ ಊರಿನ ಹತ್ತಿರ 1945ರಲ್ಲಿ ಹಳ್ಳಿಯವರು, ಜರ್ಮನ್ ಸೈನ್ಯ ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆ ಮಾರಿ ಬಂದ ದುಡ್ಡಿನಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಿದರು. ಲೊರಿಸ್ ಮಾಲಗುತ್ಸಿ ಎಂಬ ಶಿಕ್ಷಕರು ಆ ಹಳ್ಳಿಯವರ ಜೊತೆ ಸೇರಿದರು. ಮಗು ಮಣ್ಣಿನಲ್ಲಿ, ತಂತಿಯಲ್ಲಿ, ನೆರಳಿನಲ್ಲಿ, ಬಣ್ಣದಲ್ಲಿ ತನ್ನ ಯೋಚನೆ ಹೇಳುತ್ತದೆ, ಟೀಚರ್ ಅದನ್ನು ಫೋಟೋ ತೆಗೆದು, ಮಾತು ಬರೆದುಕೊಂಡು, ಮುಂದಿನ ಹೆಜ್ಜೆ ಯೋಚಿಸುತ್ತಾರೆ. ಇದು ಆ ಊರಿನ ಕ್ರಮ. ಹೊರಗಿನ ಯಾವ ಶಾಲೆಗೂ ಅದರ ಫ್ರಾಂಚೈಸಿ ಇಲ್ಲ. ಅದಕ್ಕೇ ಇಲ್ಲಿ ಎಲ್ಲರೂ ‘ರೆಜಿಯೊ ಇನ್‌ಸ್ಪೈರ್ಡ್’ ಅಂತ ಬರೆಯುತ್ತಾರೆ. ಗೋಡೆ ಮೇಲಿನ ಚಿತ್ರ ನೋಡಿ. ಮೂವತ್ತು ಮಕ್ಕಳು ಮಾಡಿದ ಮೂವತ್ತು ಒಂದೇ ಥರದ ಹತ್ತಿ ಮೊಲ ನೇತಾಡುತ್ತಿದ್ದರೆ ಸ್ಫೂರ್ತಿ ಬೋರ್ಡಿಗಷ್ಟೇ ಸಾಕಾಗಿದೆ ಅಂತ. ನಿಜವಾಗಿ ಮಾಡುವವರು ದೊಡ್ಡ ನಗರಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದಾರೆ, ಫೀಸು ಎಲ್ಲಕ್ಕಿಂತ ಮೇಲೆ.

ಪ್ಲೇಹೋಂ, ಚೈನ್ ಪ್ರೀಸ್ಕೂಲು

ಇವುಗಳನ್ನು ಬೈಯುವುದು ಸುಲಭ. ಹಳದಿ ದಿನ, ಕೆಂಪು ದಿನ, ಹಣ್ಣಿನ ದಿನ, ಆನ್ಯುಯಲ್ ಡೇಗೆ ಒಂದು ತಿಂಗಳ ಡ್ಯಾನ್ಸ್ ಪ್ರಾಕ್ಟೀಸು. ಪಾಠ ಎಲ್ಲೋ ಹೆಡ್ ಆಫೀಸಿನಲ್ಲಿ ತಯಾರಾಗಿ ಬರುತ್ತದೆ. ಸೋಮವಾರ ‘ಆನೆ’ ಎಂದಿದ್ದರೆ ಕಿಟಕಿಯಲ್ಲಿ ಮಂಗ ಕೂತಿದ್ದರೂ ಪಾಠ ಆನೆಯದೇ.

ಆದರೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇವು ಕೊಡುವ ಅನುಕೂಲ ಬೇರೆಯವು ಕೊಡುವುದಿಲ್ಲ. ಮನೆಯಿಂದ ನಡೆದು ಹೋಗುವ ದೂರ. ಮಧ್ಯಾಹ್ನದ ಮೇಲೆ ಡೇ ಕೇರ್, ಸಂಜೆ ಆರೂವರೆವರೆಗೂ ಇಟ್ಟುಕೊಳ್ಳುತ್ತಾರೆ. ಮಾಂಟೆಸ್ಸರಿ ಹನ್ನೆರಡೂವರೆಗೆ ಬಿಟ್ಟರೆ ಆ ಮಗುವನ್ನು ಕರೆತರುವವರು ಯಾರು, ಊಟ ಮಾಡಿಸುವವರು ಯಾರು? ಈ ಪ್ರಶ್ನೆಗೆ ಉತ್ತರವಿಲ್ಲದ ಮನೆಯಲ್ಲಿ ಸಿದ್ಧಾಂತ ಮಾತಾಡಿ ಪ್ರಯೋಜನವಿಲ್ಲ.

ಒಂದೇ ಚೈನಿನ ಎರಡು ಶಾಖೆ ಅಜಗಜಾಂತರ ಇರಬಹುದು, ಯಾಕೆಂದರೆ ನಡೆಸುವವರು ಬೇರೆ. ಮರಳು, ನೀರು, ಮಣ್ಣು ಇದೆಯಾ ನೋಡಿ. ಪ್ಲಾಸ್ಟಿಕ್ ಜಾರುಬಂಡೆ ಎಲ್ಲ ಕಡೆ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ‘ದಿನಕ್ಕೆ ಒಂದು ಗಂಟೆಯಾದರೂ ಮಕ್ಕಳು ಅವರಿಷ್ಟದಂತೆ ಆಡುತ್ತಾರಾ? ಮೂರು ವರ್ಷಕ್ಕೇ ಬರೆಸುತ್ತೀರಾ?’ ಎಂದು ಕೇಳಿ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂದರೆ ಸಾಕು. ಸಿಸಿಟಿವಿಯನ್ನು ಫೋನಿನಲ್ಲೇ ನೋಡಬಹುದು ಎಂಬುದನ್ನು ದೊಡ್ಡ ಗುಣ ಅಂತ ನಾನಂತೂ ಎಣಿಸುವುದಿಲ್ಲ. ಇಡೀ ದಿನ ಕ್ಯಾಮೆರಾ ಮುಂದೆ ಇರುವ ಟೀಚರ್, ಮಗು ನೀರು ಚೆಲ್ಲಿಕೊಂಡು ಒರೆಸಿಕೊಳ್ಳಲು ಬಿಡುವ ಧೈರ್ಯ ಮಾಡುವುದಿಲ್ಲ.

ಅಂಗನವಾಡಿ: ಒಂದು ಸಲ ಹೋಗಿ ನೋಡಿ

ಮಧ್ಯಮವರ್ಗದವರು ಇದನ್ನು ಪಟ್ಟಿಗೇ ಸೇರಿಸುವುದಿಲ್ಲ. ಆದರೆ ಇದರ ಬೇರು ಮಾಂಟೆಸ್ಸರಿಯ ಬೇರಿಗೇ ಸೇರುತ್ತದೆ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಮಾಂಟೆಸ್ಸರಿ ವಿಚಾರಗಳನ್ನು ನಮ್ಮ ನೆಲಕ್ಕೆ ಒಗ್ಗಿಸಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಅನುತಾಯಿ ವಾಘ್ ಅವರೊಂದಿಗೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದ ಆದಿವಾಸಿ ಹಾಡಿಗಳಿಗೆ ಹೋದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ದುಬಾರಿ ಮರದ ಸಾಮಾನಿನ ಬದಲು ಬೀಜ, ಕಲ್ಲು, ಎಲೆ, ಕಡ್ಡಿ. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಹೀಗೆ. ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಇಲ್ಲಿ ಪಾಠಕ್ಕೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಕ್ರಮ ಇದೆ. ಮನೆ, ಪ್ರಾಣಿ, ತರಕಾರಿ ಹೀಗೆ ವಿಷಯ ಇಟ್ಟುಕೊಂಡು ಹಾಡು, ಕಥೆ, ಆಟ. ಒಳ್ಳೆ ಟೀಚರ್ ಇರುವ ಕಡೆ ಇದು ಹೇಗಿರುತ್ತದೆ ಗೊತ್ತಾ? ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಬಳ್ಳಿ ರಂಗೋಲಿ. ಮಕ್ಕಳು ಗೆರೆಯ ಮೇಲೆ ಹುಣಸೆಬೀಜ ಜೋಡಿಸುತ್ತಾ ಹೋಗುತ್ತಾರೆ. ಎರಡು ಬೆರಳಲ್ಲಿ ಒಂದೊಂದೇ ಬೀಜ. ತಿರುವು ಬಂದ ಕಡೆ ಬೀಜ ಹತ್ತಿರ ಹತ್ತಿರ ಇಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಮುಂದೆ ಪೆನ್ಸಿಲ್ ಹಿಡಿದು ‘ಇ’, ‘ಕ್ಷ’ ಬರೆಯಲು ಬೇಕಾದ ಬೆರಳಿನ ಹಿಡಿತ ಇಲ್ಲೇ ಬರುತ್ತದೆ. ಖರ್ಚು ಸೊನ್ನೆ. ಮೂರು ವರ್ಷದವರು, ಐದು ವರ್ಷದವರು ಒಂದೇ ಕೋಣೆಯಲ್ಲಿ. ಮಾತೆಲ್ಲ ಕನ್ನಡದಲ್ಲಿ, ಅದೂ ಆ ಊರಿನ ಕನ್ನಡದಲ್ಲಿ. ಜೊತೆಗೆ ಹಾಲು, ಮೊಟ್ಟೆ, ಬಿಸಿಯೂಟ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಒಬ್ಬ ಟೀಚರ್, ಒಬ್ಬ ಸಹಾಯಕಿ. ಬಾಣಂತಿಯರ ಲೆಕ್ಕ, ತೂಕದ ಲೆಕ್ಕ, ಮೊಬೈಲ್ ಆ್ಯಪಿಗೆ ತುಂಬಿಸುವ ಮಾಹಿತಿ, ಸರ್ವೆ, ಚುನಾವಣೆ ಕೆಲಸ ಎಲ್ಲ ಅವರದೇ ತಲೆಗೆ. ಪಾಠದ ಹೊತ್ತು ಅದರಲ್ಲೇ ಕರಗುತ್ತದೆ. ನಗರದಲ್ಲಿ ಬಾಡಿಗೆ ಕೋಣೆ, ಅಂಗಳವೇ ಇಲ್ಲದ ಅಂಗನವಾಡಿ ಕೂಡ ಇದೆ. 2024ರಲ್ಲಿ ಸರ್ಕಾರ ಕೆಲವು ಕೇಂದ್ರಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಹೆಸರಿನಲ್ಲಿ ಮೇಲ್ದರ್ಜೆಗೆ ಏರಿಸಿ ಎಲ್‌ಕೆಜಿ, ಯುಕೆಜಿ ಶುರು ಮಾಡಿದೆ. ಅಲ್ಲೂ ಹೆಸರಿಗಿಂತ ಒಳಗೆ ಏನು ನಡೆಯುತ್ತಿದೆ ಎಂದೇ ನೋಡಬೇಕು. ಬರೀ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದರೆ ಹಳೇ ಹುಣಸೆಬೀಜವೇ ವಾಸಿ.

ಮುಂದೆ ಸರ್ಕಾರಿ ಕನ್ನಡ ಶಾಲೆಗೆ ಹೋಗುವ ಮಗುವಿಗೆ ಇನ್ನೊಂದು ಅನುಕೂಲ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಬಂತು. ಅಲ್ಲಿ ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಕ್ರಮ. ಆಡುತ್ತಾ ಕಲಿತ ಮಗುವಿಗೆ ಅದು ಹೊಸದೆನಿಸುವುದಿಲ್ಲ.

ಕನ್ನಡವೇ ಬೇಕು, ಆದರೆ ಅಂಗನವಾಡಿ ಒಗ್ಗದು ಅನ್ನುವವರಿಗೆ ಧಾರವಾಡದ ಬಾಲಬಳಗದಂಥ ಮಕ್ಕಳ ಮನಸ್ಸು ನೋಡಿ ನಡೆಸುವ ಕನ್ನಡ ಶಾಲೆಗಳೂ ಇವೆ. ಕಡಿಮೆ, ನಿಜ.

ಮನೆಯಲ್ಲೇ ಇಟ್ಟುಕೊಂಡರೆ?

ನಾಲ್ಕು ವರ್ಷದವರೆಗೆ ಮನೆಯಲ್ಲಿ ಇಟ್ಟುಕೊಂಡರೆ ಮಗು ಹಿಂದೆ ಬೀಳುತ್ತದಾ? ಮಾತಾಡುವ, ಕಥೆ ಹೇಳುವ ದೊಡ್ಡವರು ಮನೆಯಲ್ಲಿದ್ದು, ಆಡಲು ಓರಗೆಯ ಮಕ್ಕಳಿದ್ದರೆ ಬೀಳುವುದಿಲ್ಲ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ಬಂದಿರುವುದರಿಂದ ಅವಸರವೂ ಕಡಿಮೆಯಾಗಿದೆ. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು. ಅವರೆಕಾಯಿ ಸುಲಿಯುವುದು, ಚಪಾತಿ ಲಟ್ಟಿಸುವುದು, ಬಟ್ಟೆ ಮಡಿಸುವುದು – ಮಾಂಟೆಸ್ಸರಿಯವರು ಫೀಸು ತಗೊಂಡು ಮಾಡಿಸುವುದೂ ಇದನ್ನೇ, ಅಲ್ವಾ? ಆದರೆ ಅಪಾರ್ಟ್‌ಮೆಂಟಿನಲ್ಲಿ ಒಂದೇ ಮಗು, ನೋಡಿಕೊಳ್ಳುವ ಹುಡುಗಿ, ಕೈಯಲ್ಲಿ ಫೋನು – ಹೀಗಾದರೆ ಮನೆಗಿಂತ ಯಾವ ಪ್ಲೇಹೋಮೂ ಮೇಲು.

ನಿಮ್ಮ ಮನೆಗೆ ಯಾವುದು

ದುಡ್ಡಿನ ಮಾತು. ಬೆಂಗಳೂರಿನ ಹೆಸರುವಾಸಿ ಮಾಂಟೆಸ್ಸರಿಗಳಲ್ಲಿ ವರ್ಷಕ್ಕೆ ಲಕ್ಷ ದಾಟುವುದು ಮಾಮೂಲು. ಅಡ್ಮಿಷನ್ ಫೀಸು, ವ್ಯಾನು, ಯೂನಿಫಾರ್ಮು, ‘ಆ್ಯಕ್ಟಿವಿಟಿ ಚಾರ್ಜು’ ಎಲ್ಲ ಸೇರಿಸಿ ಮೂರು ವರ್ಷದ ಒಟ್ಟು ಲೆಕ್ಕ ಹಾಕಿ, ಒಂದು ವರ್ಷದ್ದು ಮಾತ್ರ ನೋಡಬೇಡಿ. ಸಾಲ ಮಾಡಿ ಪ್ರೀಸ್ಕೂಲು ಅಂದರೆ ಮೂಗಿಗಿಂತ ಮೂಗುತಿ ಭಾರ. ಆ ದುಡ್ಡು ಹೈಸ್ಕೂಲಿನಲ್ಲಿ ಬೇಕಾಗುತ್ತದೆ.

ಒಬ್ಬರಾದರೂ ಮಧ್ಯಾಹ್ನ ಮನೆಯಲ್ಲಿದ್ದು, ಮೂರು ವರ್ಷ ಪೂರ್ತಿ ಬಿಡುವ ಮನಸ್ಸಿದ್ದು, ಅರ್ಧ ಗಂಟೆಯೊಳಗೆ ನಿಜವಾದ ಮಾಂಟೆಸ್ಸರಿ ಇದ್ದರೆ ಅದನ್ನೇ ಆರಿಸಿ. ಎಲ್‌ಕೆಜಿಗೇ ದೊಡ್ಡ ಶಾಲೆ ಎಂದು ತೀರ್ಮಾನ ಆಗಿದ್ದರೆ ಮನೆ ಹತ್ತಿರದ, ಬರೆಸದ, ಮರಳಿರುವ ಪ್ಲೇಹೋಂ ಸಾಕು, ಉಳಿದ ದುಡ್ಡು ಹಾಗೇ ಇಟ್ಟುಕೊಳ್ಳಿ. ಇಬ್ಬರೂ ಕೆಲಸಕ್ಕೆ ಹೋಗುವವರು ಶಾಲೆಗಿಂತ ಮೊದಲು ಡೇ ಕೇರ್ ನೋಡಿ. ಮಗು ಹೆಚ್ಚು ಹೊತ್ತು ಇರುವುದು ಅಲ್ಲಿ. ಹಳ್ಳಿ, ಸಣ್ಣ ಊರಿನವರು ಅಂಗನವಾಡಿ ಟೀಚರ್ ಜೊತೆ ಮೊದಲು ಮಾತಾಡಿ ನೋಡಿ. ಟೀಚರ್ ಹುರುಪಿನವರಾದರೆ ತಾಲ್ಲೂಕಿನ ‘ಕಾನ್ವೆಂಟ್’ ವ್ಯಾನಿಗೆ ಮೂರು ವರ್ಷದ ಮಗುವನ್ನು ಹತ್ತಿಸಬೇಡಿ. ಮಗು ಓಡಾಡುವ ಸ್ವಭಾವದ್ದು, ಕೂರುವುದೇ ಇಲ್ಲ ಅಂದರೆ ಅಂಗಳ ದೊಡ್ಡದಿರುವ ಕಡೆ ನೋಡಿ, ಸಿದ್ಧಾಂತ ಯಾವುದಾದರೂ ಇರಲಿ.

ಎರಡೂವರೆ ಆದರೂ ಮಾತು ಸರಿಯಾಗಿ ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ ಅಂದರೆ ‘ಸ್ಕೂಲಿಗೆ ಹಾಕಿದರೆ ಸರಿಹೋಗುತ್ತೆ’ ಅನ್ನುವವರ ಮಾತು ಕೇಳಿಕೊಂಡು ಕೂರಬೇಡಿ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಇದೆ, ಅಂಥ ಮಕ್ಕಳಿಗೆ ಪ್ರೀಸ್ಕೂಲೂ ಇದೆ.

ನೋಡಲು ಹೋಗುವಾಗ ಶನಿವಾರದ ಓಪನ್ ಹೌಸಿಗೆ ಹೋಗಬೇಡಿ. ವಾರದ ಮಧ್ಯೆ, ಬೆಳಗ್ಗೆ ಹತ್ತರ ಸುಮಾರಿಗೆ, ಮಕ್ಕಳಿರುವಾಗ ಹೋಗಿ. ಆಫೀಸಿನಲ್ಲಿ ಕೂರಿಸಿ ಪಿಪಿಟಿ ತೋರಿಸಿದರೆ, ‘ಮೂಲೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಬಹುದಾ?’ ಅಂತ ಕೇಳಿ. ಮಕ್ಕಳಿಗೆ ಅಡ್ಡಿಯಾಗುತ್ತದೆ, ಇಂಥ ದಿನ ಬನ್ನಿ ಅಂದರೆ ಪರವಾಗಿಲ್ಲ. ಯಾವ ದಿನವೂ ಆಗಲ್ಲ ಅಂದರೆ ಎದ್ದು ಬನ್ನಿ. ಶೌಚಾಲಯ ನೋಡಿ, ನಲ್ಲಿ ಮಗುವಿನ ಕೈಗೆ ಎಟುಕುತ್ತದಾ ನೋಡಿ. ಅಳುವ ಮಗುವನ್ನು ಯಾರು ಎತ್ತಿಕೊಂಡರು, ಏನೆಂದು ಮಾತಾಡಿಸಿದರು, ಯಾವ ಭಾಷೆಯಲ್ಲಿ ಎಂಬುದನ್ನು ಗಮನಿಸಿ.

ಸೇರಿಸುವಾಗ ಇಡೀ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಾರೆ. ಬೇಡ ಅನ್ನಿ. ಒಂದು ಟರ್ಮ್ ಕಟ್ಟಿ, ಬಿಟ್ಟರೆ ಎಷ್ಟು ವಾಪಸ್ಸು ಕೊಡುತ್ತೀರಿ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಮೊದಲ ಎರಡು-ಮೂರು ವಾರದ ಅಳು ಮಾಮೂಲು, ಅದಕ್ಕೆ ಹೆದರಬೇಡಿ. ದಸರಾ ರಜೆ ಬಂದರೂ ಮಗು ಬೆಳಗ್ಗೆ ಹೊಟ್ಟೆನೋವು ಅಂತಲೇ ಏಳುತ್ತಿದ್ದರೆ ಮುಂದಿನ ಟರ್ಮ್ ಕಟ್ಟುವ ಮೊದಲು ಬೇರೆ ಕಡೆ ನೋಡಿಕೊಳ್ಳಿ. ಅಕ್ಟೋಬರಿನಲ್ಲಿ ಸೀಟು ಖಾಲಿ ಇರುವ ಒಳ್ಳೆ ಜಾಗಗಳೂ ಇರುತ್ತವೆ.